ಬಾವಿಯವರೆಗೆ ಓದಿದರೆ ಸಾಕು

ಪೂಜ್ಯ ಗುರುಗಳಿಗೆ,

ಪೇಂಟರ್ ಹೆಂಡತಿಯ ನಮಸ್ಕಾರಗಳು. ಅಕ್ಷರ ಸೊಟ್ಟಗಿವೆ, ಕ್ಷಮಿಸಿ; ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು.

ಈ ಶುಕ್ರವಾರ ನೀವು ಚರ್ಚಿನಿಂದ ನಮ್ಮ ಮನೆಗೆ ಪರಮಪ್ರಸಾದ ತರುತ್ತೀರಿ. ಏಣಿಯಿಂದ ಬಿದ್ದ ಮೇಲೆ ಇವರ ಕಾಲಿಗೆ ಇನ್ನೂ ಜೀವ ಬಂದಿಲ್ಲ. ಈಗ "ಫಾದರ್ ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತೀನಿ" ಅನ್ನುತ್ತಿದ್ದಾರೆ. ಹಾಗೇ ಮಾಡಿಬಿಟ್ಟರೆ ಏನು ಗತಿ ಅಂತ ನನಗೆ ಊಟ ಸೇರುತ್ತಿಲ್ಲ.

ತಪ್ಪು ತಿಳಿಯಬೇಡಿ. ಹೋದ ಸಲ ನೀವು ಬೈಬಲಿನಿಂದ ಯೋಸೇಫನ ಕಥೆ ಓದಿದಿರಿ. ಅಣ್ಣಂದಿರು ಅವನನ್ನು ಬಾವಿಗೆ ತಳ್ಳಿದ್ದು, ಕೊನೆಗೆ ಅವನು ಅರಮನೆ ಸೇರಿದ್ದು, ಎಲ್ಲ ಒಂದೇ ಉಸಿರಿಗೆ ಮುಗಿಯಿತು. "ನೋಡಿ, ದೇವರ ಕೈ ಕಾಣದೆ ನಡೆಸುತ್ತಿತ್ತು" ಅಂದಿರಿ. ನೀವು ಹೋದ ಮೇಲೆ ಇವರು, "ಬಾವೀಲಿ ಕೂತಿದ್ದಾಗ ಅವನಿಗೆ ಕೊನೇ ಪುಟ ಯಾರು ತೋರಿಸಿದ್ರು ಹೇಳು" ಅಂದರು.

"ಎಲ್ಲಾ ಒಳ್ಳೇದಕ್ಕೇ ರೀ" ಅಂದೆ.

"ಹಾಗಾದ್ರೆ ನೀನೂ ಒಂದ್ಸಲ ಬಿದ್ದು ನೋಡು."

ನಗು ಬಂತು, ಆಮೇಲೆ ಭಯವಾಯಿತು. ದೇವರಿಗೆ ಕೋಪ ಬಂದಿರಬಹುದೇ, ಗುರುಗಳೇ? ನನಗೆ ನಂಬಿಕೆ ಇದೆ. ಆದರೆ ಆ ಕಾಣದ ಕೈಗಾಗಿ ತಡಕಿ ತಡಕಿ ಸುಸ್ತಾಗಿದೆ.

ಅದಕ್ಕೇ ಒಂದು ಬೇಡಿಕೆ. ಈ ಸಲ ಬಾವಿಯವರೆಗೆ ಓದಿ ಪುಸ್ತಕ ಮುಚ್ಚಿ. ಅರಮನೆಗೆ ಅವಸರ ಮಾಡಬೇಡಿ. ಮಂಚದ ಪಕ್ಕ ಕುರ್ಚಿ ಹಾಕಿರುತ್ತೇನೆ. ಏನೂ ಹೇಳದೆ ಸ್ವಲ್ಪ ಹೊತ್ತು ಕೂತಿರಿ. ಬಾವಿಯಲ್ಲಿ ಆ ಹುಡುಗನ ಪಕ್ಕ ದೇವರೂ ಹಾಗೇ ಕೂತಿದ್ದರು ಅಂತ ನನಗೆ ಅನ್ನಿಸುತ್ತದೆ. ಇವರು ತಾವಾಗಿ ನಿಮ್ಮ ಕಡೆ ತಿರುಗಿದರೆ ಆಗ ಪ್ರಸಾದ ಕೊಡಿ. ತಿರುಗದಿದ್ದರೆ, ದಯವಿಟ್ಟು ಮುಂದಿನ ಶುಕ್ರವಾರವೂ ಬನ್ನಿ.

ನಿಮ್ಮ ಆಶೀರ್ವಾದ ಬೇಡುವ,
ಪೇಂಟರ್ ಹೆಂಡತಿ