ಬರಿಗಣ್ಣಿನಿಂದ ನೋಡಬಾರದಂತೆ

ಗಜೇಂದ್ರಗಡ, ೧೨ ಆಗಸ್ಟ್, ಮಂಗಳವಾರ

ಸುಲೋಚನಾ ವೀರಪ್ಪ ಕಡಗದ ಎಂಬ ನಾನು, ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವಳು, ಇಂದು ಕಪ್ಪು ಕನ್ನಡಕ ಧರಿಸಿ ದವಾಖಾನೆಗೆ ಹೋಗಬೇಕಾಯಿತು. ಏನು ದುರ್ಗತಿ!

ಪಕ್ಕದ ಮನೆಯ ಸಕ್ಕೂಬಾಯಿ ಹಿರಿಯ ಮೊಮ್ಮಗನ ಕಣ್ಣಿನ ಪಿಸುರನ್ನು ಸೆರಗಿನಿಂದ ಒರೆಸಿ, ಅದೇ ಸೆರಗಿನಿಂದ ಐದು ತಿಂಗಳ ಮೊಮ್ಮಗಳ ಕಣ್ಣನ್ನೂ ಮುಖ ಆಚೆ ತಿರುಗಿಸಿಕೊಂಡೇ ಒರೆಸುತ್ತಾಳೆ. ಕಣ್ಣುಬೇನೆ ಹರಡುವುದು ಮಾತ್ರ ನೋಟದಿಂದಂತೆ! ಇಂದು ಮುಂಜಾನೆ ಕೂಸಿನ ರೆಪ್ಪೆಗಳು ಊದಿ, ಅಂಟಿಕೊಂಡು ತೆರೆಯದಾಗಿದ್ದವು. ತಾಯಿ ಹೊಲಕ್ಕೆ ಹೋಗಿದ್ದಳು.

“ಕೂಸಿನ್ನ ತಗೋ, ದವಾಖಾನಿಗೆ ಹೋಗೂಣು,” ಎಂದೆ.

“ಮೊದಲ ನನ್ನ ಮಗನ ಈ ಚಸ್ಮಾ ಹಾಕ್ಕೋರಿ, ಅಕ್ಕೋರ. ಬರಿಗಣ್ಣಿಲೆ ನೋಡಿದ್ರ ನಿಮಗೂ ಹತ್ತತೈತಿ. ಇಷ್ಟ ಓದೀರಿ, ಇದ ತಿಳಿಯೂದಿಲ್ಲೇನ?”

ವಾದಿಸುತ್ತ ನಿಂತರೆ ಕೂಸಿನ ಕಣ್ಣಿಗೇ ಸಂಚಕಾರ. ಹಾಕಿಕೊಂಡೆ.

ಡಾಕ್ಟರು ಕಣ್ಣಿನ ಹನಿ ಬರೆದುಕೊಟ್ಟರು. ನರ್ಸು ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಂದೊಂದು ಕಣ್ಣನ್ನೂ ಬೇರೆ ಬೇರೆ ಹತ್ತಿಯಿಂದ ಮೆಲ್ಲಗೆ ಒರೆಸಿದಳು. ಕೂಸು ಕಣ್ಣು ಬಿಟ್ಟಿತು. ಅಜ್ಜಿ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಸ್ವಂತ ಮೊಮ್ಮಗಳನ್ನು ನೋಡಲು ಹೆದರುವ ಹೆಂಗಸು!

“ಕಣ್ಣ ಹ್ಯಾಂಗ ಅದಾವ್ರಿ? ನೀವ ನೋಡಿ ಹೇಳ್ರಿ, ಅಕ್ಕೋರ.”

ಮೂರ್ಖಳು. ಅವಳ ದನಿ ನಡುಗುತ್ತಿತ್ತು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದವಳು, “ಚಲೋ ಅದಾವ” ಎಂದಷ್ಟೇ ಹೇಳಿದೆ.