ಬಾಗಿಲ ಮುಂದಿನ ಕಬ್ಬಿಣದ ಹಲಗೆ

ಸೋಮವಾರ, ಸಂಜೆ

ಮುದ್ದು ಗುಬ್ಬಿಗೆ, ನಿನ್ನ ಸೋದರಮಾವನ ತುಂಬು ಪ್ರೀತಿ.

ಮೊದಲು ಒಂದು ವಿಷಯ ತಿಳಿದುಕೊ. ಈ ನಗರದ ನೀರಿನ ಇಲಾಖೆ ಈಗ ನನ್ನನ್ನು ಕೇಳದೆ ಒಂದು ಹಾರೆಯನ್ನೂ ನೆಲಕ್ಕೆ ಊರುವುದಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳು ಬೆಳಿಗ್ಗೆ ನಮ್ಮ ಕಿಟಕಿಯ ಕೆಳಗೆ ನಿಂತು, ಇವತ್ತು ಎಲ್ಲಿ ಅಗೆಯೋಣ ಎಂದು ಅಪ್ಪಣೆ ಕೇಳುತ್ತಾರೆ. ನಗಬೇಡ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವನಿಗೆ ಇಂಥ ಮರ್ಯಾದೆ ಈ ಬೀದಿಯಲ್ಲಿ ಇದೇ ಮೊದಲು.

ಎರಡನೆಯದು, ನಿಮ್ಮಮ್ಮ ಆಸ್ಪತ್ರೆಯಿಂದ ಮನೆಗೆ ಬಂದಾಯಿತು. ಸೊಂಟದ ಹೊಲಿಗೆ ಒಣಗಿದೆ. ವಾಕರ್ ಹಿಡಿದು ಅಡುಗೆಮನೆಯವರೆಗೆ ಹೋಗಿ, ನಾನು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ನನ್ನಿಂದಲೇ ಮತ್ತೆ ತೊಳೆಸಿದಳು. ಅಂದಮೇಲೆ ಗುಣವಾದ ಹಾಗೇ ಲೆಕ್ಕ. ನೀನು ಪರೀಕ್ಷೆ ಬಿಟ್ಟು ಓಡಿಬರಬೇಕಾಗಿಲ್ಲ.

ಫೋನಿನಲ್ಲಿ ಅತ್ತಿದ್ದೆಯಲ್ಲ, ಇನ್ನೊಂದು ಸಲ ಬಿದ್ದರೆ ಅಮ್ಮ ಏಳುವುದಿಲ್ಲವಂತೆ, ಆ ಹೊಂಡ ಹೇಗೆ ದಾಟುತ್ತಾಳೆ ಎಂದು? ನೀನು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಹಳೇ ಪೈಪು ತೆಗೆದು ಹೊಸದು ಹಾಕಲು ಫುಟ್‌ಪಾತನ್ನು ಉದ್ದಕ್ಕೂ ಸೀಳಿದ್ದರು. ನಮ್ಮ ಬಾಗಿಲಿಗೂ ರಸ್ತೆಗೂ ನಡುವೆ ಎದೆಯಾಳದ ಹೊಂಡ, ಅದರ ಮೇಲೆ ಎರಡು ಮರದ ಹಲಗೆ. ಬೆಳಿಗ್ಗೆ ಮಂಜು ಬಿದ್ದು ಅವು ಗಾಜಿನ ಹಾಗೆ ಜಾರುತ್ತಿದ್ದವು. ಪೇಪರಿನವನು ಒಮ್ಮೆ ಜಾರಿ, ಇಡೀ ಬೀದಿಗೆ ಸೇರಬೇಕಾದ ಸುದ್ದಿಯನ್ನು ಹೊಂಡದ ಪಾಲು ಮಾಡಿದ.

ನಾನಿರುವಾಗ ಚಿಂತೆಯೇಕೆ ಎಂದು ನಿನಗೆ ಹೇಳಿದೆ. ಆಮೇಲೆ ಒಂದು ಸಣ್ಣ ಎಡವಟ್ಟಾಯಿತು. ಕೆಸರಲ್ಲಿ ನಿಂತ ಮೇಸ್ತ್ರಿಯನ್ನು ಕೇಳಿದರೆ ಏನು ಪ್ರಯೋಜನ, ಹಿಡಿದರೆ ಮೇಲಿನವರನ್ನೇ ಹಿಡಿಯಬೇಕು ಎಂಬುದು ನನ್ನ ಲೆಕ್ಕಾಚಾರ. ಒಬ್ಬ ಹೆಲ್ಮೆಟ್ ಹಾಕಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಅಳತೆ ಟೇಪು ಹಿಡಿದು, ಯಾರೊಂದಿಗೂ ಮಾತಾಡದೆ ಗಂಭೀರವಾಗಿ ನಿಂತಿದ್ದ. ಇವನೇ ಸಾಹೇಬ ಎಂದುಕೊಂಡೆ. ಶನಿವಾರದೊಳಗೆ ನಮ್ಮ ಬಾಗಿಲ ಮುಂದೆ ಮುಚ್ಚಿಸಿಕೊಡಿ ಎಂದೆ. ಸ್ವಲ್ಪ ಖರ್ಚಾಗುತ್ತದೆ ಎಂದ. ಏನೋ ಕಾಫಿ ಖರ್ಚಿಗೆಂದು ಕೊಟ್ಟೆ.

ಶನಿವಾರ ಬೆಳಗಾಯಿತು. ಹೊಂಡ ಇತ್ತು, ಸಾಹೇಬ ಇರಲಿಲ್ಲ. ಅಕ್ಕ ಆಗಲೇ ಆಸ್ಪತ್ರೆಯಿಂದ ಹೊರಟಿದ್ದಳು. ಓಡಿಹೋಗಿ ಮೇಸ್ತ್ರಿಯನ್ನು ಕೇಳಿದೆ, ನಿಮ್ಮ ದೊಡ್ಡವರು ಎಲ್ಲಿ ಎಂದು. ಅವನು ಹೊಂಡದೊಳಗಿಂದಲೇ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆ ಜಾಕೆಟ್ಟು ನಮ್ದೇ ಯಜಮಾನ್ರೇ, ಹೆಲ್ಮೆಟ್ಟೂ ನಮ್ದೇ. ಹೋದ ವಾರ ಶೆಡ್ಡಿಂದ ಕಳುವಾಯ್ತು. ನಮ್ಮ ಟೀ ಫ್ಲಾಸ್ಕನ್ನೂ ಬಿಡ್ಲಿಲ್ಲ ಪುಣ್ಯಾತ್ಮ."

ತಡವರಿಸುತ್ತಾ ಅಕ್ಕನ ವಿಷಯ ಹೇಳಿದೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಅವನು ಸಿಳ್ಳೆ ಹಾಕಿದ. ನಾಲ್ಕು ಜನ ದಪ್ಪ ಕಬ್ಬಿಣದ ಹಲಗೆ ಹೊತ್ತು ತಂದು ಹಾಸಿದರು, ಎರಡೂ ಕಡೆ ಹಿಡಿದುಕೊಳ್ಳಲು ಪೈಪು ಕಟ್ಟಿದರು, ಜಾರದಂತೆ ಮರಳು ಎರಚಿದರು. ಎಷ್ಟು ಕೊಡಲಿ ಎಂದು ಜೇಬಿಗೆ ಕೈ ಹಾಕಿದೆ.

"ಒಂದ್ ಮಾತು ಕೇಳಿದ್ರೆ ಮೊದಲ್ನೇ ದಿನಾನೇ ಹಾಕ್ತಿದ್ವಲ್ಲ. ಇದಕ್ಕೆಲ್ಲಾ ದುಡ್ಡು ತಗೋತಾರಾ?"

ಅಕ್ಕ ಬಂದಾಗ ಮೇಸ್ತ್ರಿ ಅಗೆಯುವ ಯಂತ್ರ ನಿಲ್ಲಿಸಿದ. ಬೀದಿಯೆಲ್ಲ ಸದ್ದಡಗಿ, ಕಬ್ಬಿಣದ ಮೇಲೆ ವಾಕರಿನ ಟಕ್ ಟಕ್ ಮಾತ್ರ. ನಡುವೆ ಅವಳು ನಿಂತುಬಿಟ್ಟಳು. ನಾನು ಹಿಡಿದುಕೊಳ್ಳಲು ಓಡಿದೆ. ನೋಡಿದರೆ, ಕೆಳಗಿದ್ದವರಿಗೆ ಕಿವಿ ಮುಚ್ಚಿಕೊಳ್ಳಿ, ಶೀತವಾಗುತ್ತೆ ಎಂದು ಬುದ್ಧಿ ಹೇಳುತ್ತಿದ್ದಾಳೆ! ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ನಾನು ಬಾಗಿಲ ಹಿಂದೆ ಸ್ವಲ್ಪ ಹೊತ್ತು ನಿಂತು ಕಣ್ಣೊರೆಸಿಕೊಂಡೆ. ಬೀದಿಯಲ್ಲಿ ಧೂಳು ಬಹಳ.

ಈಗ ಬಂದವರಿಗೆಲ್ಲ ಅಕ್ಕ, ನನ್ನ ತಮ್ಮ ನನಗಾಗಿ ಸೇತುವೆ ಹಾಕಿಸಿದ ಎನ್ನುತ್ತಿದ್ದಾಳೆ. ಅಕ್ಕನ ಮಾತಿಗೆ ಎದುರಾಡುವ ಅಭ್ಯಾಸ ನನಗಿಲ್ಲ. ನೀನು ನೆಮ್ಮದಿಯಾಗಿ ಓದಿಕೊ.

ಇಂತಿ,
ಸೇತುವೆ ಹಾಕಿಸಿದ ಮಾವ

ಮರೆತಿದ್ದೆ: ಅಮ್ಮನ ಕೋಣೆಗೆ ಹೀಟರ್ ಕೊಳ್ಳಲು ಹಣ ಕಳಿಸಿದ್ದೆಯಲ್ಲ, ಕೋಣೆ ಬೆಚ್ಚಗಿದೆ. ಅಲ್ಲಿರುವುದು ನನ್ನ ಕೋಣೆಯ ಹೀಟರು. ನನಗೆ ಮೈಯಲ್ಲೇ ಕಾವು ಜಾಸ್ತಿ ಎಂದು ಅವಳನ್ನು ನಂಬಿಸಿ, ಎರಡು ಕಂಬಳಿ ಹೊದ್ದು ಇದನ್ನು ಬರೆಯುತ್ತಿದ್ದೇನೆ. ಆ ಹೆಲ್ಮೆಟ್ಟಿನವನಿಗೆ ಕೊಟ್ಟದ್ದು ಕಾಫಿ ಖರ್ಚಲ್ಲ, ಗುಬ್ಬಿ. ನೀನು ಕಳಿಸಿದ್ದಷ್ಟೂ, ಒಂಬತ್ತು ಸಾವಿರದ ಆರುನೂರು.