ಗಾಜಿನೊಳಗೊಂದು ಹೊಸಿಲು, ನಮ್ಮದಕ್ಕೊಂದು ನೋಟಿಸು

ಪಟ್ಟಣ ಕಚೇರಿಯ ಮುಖ್ಯಾಧಿಕಾರಿಗಳೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದಂತಿದೆ. ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಕಾಗುಣಿತದ ತಪ್ಪುಗಳನ್ನು ಪತ್ರಿಕೆಯವರು ತಿದ್ದಿಕೊಳ್ಳಬೇಕು. ಓದಿದ್ದು ನಾಲ್ಕನೇ ತರಗತಿ. ಎದುರು ನಿಂತು ಮಾತಾಡಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ನೀವು ನಮ್ಮ ಬಾಗಿಲಿಗೆ ಅಂಟಿಸಿದ ನೋಟಿಸು ಓದಲು ಅಷ್ಟು ಓದು ಸಾಕಾಯಿತು. ನಮ್ಮ ಹೊಸಿಲನ್ನು ಅನುಮತಿಯಿಲ್ಲದೆ ಎತ್ತರಿಸಿದ್ದೇವಂತೆ, ಅದರ ಮೆಟ್ಟಿಲು ಬೀದಿಗೆ ಚಾಚಿಕೊಂಡಿದೆಯಂತೆ, ಸೋಮವಾರ ಬಂದು ಒಡೆಯುತ್ತೀರಂತೆ.

ಎತ್ತರಿಸಿದ್ದು ನಿಜ, ಚೆಂದಕ್ಕಲ್ಲ. ನಮ್ಮದು ಹೊಳೆಯ ಪಕ್ಕದ ತಗ್ಗಿನ ಬೀದಿ. ನಾನು ಚಿಕ್ಕವಳಿದ್ದಾಗ ನೀರು ಒಳಗೆ ಬಂತು, ಅಪ್ಪ ಒಂದು ಸಾಲು ಇಟ್ಟಿಗೆ ಕಟ್ಟಿದರು. ನೀರು ಅದನ್ನೂ ದಾಟಿತು, ಇನ್ನೊಂದು ಸಾಲು ಕಟ್ಟಿದರು. ಅಪ್ಪ ತೀರಿಕೊಂಡ ಮೇಲೆ ಮೂರನೆಯದನ್ನು ನಾನೇ ಕಟ್ಟಿದೆ. ಈಗ ಮಳೆಗೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಆಕಾಶ ಕಪ್ಪಾದರೆ ಸಾಕು, ಅಜ್ಜಿಯನ್ನು ಮಂಚದ ಮೇಲೆ ಹತ್ತಿಸಿ ಕೂರುತ್ತೇನೆ.

ಕಳೆದ ವರ್ಷ ನೀವು ಬೀದಿಯ ಕೊನೆಯಲ್ಲಿ ಪೈಪಿಗೆಂದು ಅಗೆಸಿದಾಗ ಹಳೇ ಕಾಲದ ಮನೆಯೊಂದು ಸಿಕ್ಕಿತು. ಉತ್ಖನನದ ಮೇಡಂ ಬಂದರು. ನಾನು ಅಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿದೆ. ಆ ಮನೆಗೂ ಒಂದರ ಮೇಲೊಂದು ಮೂರು ಹೊಸಿಲು, ನಡುನಡುವೆ ಹೊಳೆಯ ಮೆಕ್ಕಲು. ಮೂರನೆಯದರ ಮೇಲೆ ಏನೂ ಇಲ್ಲ.

"ಆಮೇಲೆ ಇವರೆಲ್ಲಾ ಎಲ್ಲಿಗೆ ಹೋದ್ರು ಮೇಡಂ?"

"ಗುಡ್ಡದ ಮೇಲಕ್ಕೆ. ಹವಾ ಬದಲಾಯ್ತು, ಮಳೆ ಜಾಸ್ತಿ ಆಯ್ತು. ಮೂರು ಸಲ ತಡ್ಕೊಂಡ್ರು, ಆಮೇಲೆ ಎದ್ದು ಹೋದ್ರು. ಮೂರು ಹೊಸಿಲಿಗೆ ಹತ್ತಿರ ಹತ್ತಿರ ಇನ್ನೂರು ವರ್ಷ ಹಿಡೀತು."

"ನಾವು ಅಷ್ಟೆಲ್ಲಾ ತಡ ಮಾಡಿಲ್ಲ ಬಿಡಿ."

ಮೇಡಂ ನಗಲಿಲ್ಲ. ಹೊಸಿಲಿನ ಒಳಬದಿಯಲ್ಲಿ ನಡು ಸವೆದ ಒಂದು ಚಿಕ್ಕ ಕಲ್ಲನ್ನು ತೋರಿಸಿದರು. "ಯಾರೋ ವಯಸ್ಸಾದವರಿಗೆ ದಾಟೋಕೆ ಇಟ್ಟಿರ್ಬೇಕು."

ಮನೆಗೆ ಬಂದು ಹೇಳಿದೆ. ಮೂರನೇ ಸಾಲು ಎದ್ದ ಮೇಲೆ ಹೊರಗೆ ಕಾಲಿಡದ ಅಜ್ಜಿ, "ಅವಳಿಗೂ ಮಂಡಿ ನೋವಿತ್ತೇನೋ ಕಣೇ. ಅವಳ ಮೊಮ್ಮಗಳಿಗೆ ಬುದ್ಧಿ ಇತ್ತು" ಎಂದಳು.

ಆ ಹೊಸಿಲನ್ನು ನೀವು ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಟ್ಟಿದ್ದೀರಿ. ಮೇಲೆ ದೀಪ, ಪಕ್ಕದಲ್ಲಿ ಫಲಕ: 'ಪ್ರಕೃತಿಯೊಂದಿಗೆ ಹೊಂದಿಕೊಂಡ ಪೂರ್ವಜರ ಜಾಣ್ಮೆ'. ಅದೇ ಜಾಣ್ಮೆಯನ್ನು ನಾವು ತೋರಿಸಿದರೆ ಅದು ಒತ್ತುವರಿ ಹೇಗಾಯಿತು ಸ್ವಾಮಿ? ಅನುಮತಿ ಸಿಗಲು ಎಷ್ಟು ಕಾಲ ಮಣ್ಣಿನಡಿ ಬಿದ್ದಿರಬೇಕು? ಅವರು ಎದ್ದು ಹೋಗಿದ್ದನ್ನು ನಿಮ್ಮ ಫಲಕ ಏಕೆ ಹೇಳುವುದಿಲ್ಲ? ಹೇಳಿದರೆ ನಾವೂ ಎಲ್ಲಿಗೆ ಹೋಗಬೇಕೆಂದು ಕೇಳುತ್ತೇವೆ, ಅದಕ್ಕೋ?

ಟೇಪು ಹಿಡಿದು ಬಂದ ನಿಮ್ಮವರನ್ನು ಕೇಳಿಯೂ ನೋಡಿದೆ.

"ನೀರು ಬಂದ್ರೆ ಬೇರೆ ಕಡೆ ಹೋಗಮ್ಮ."

"ಎಲ್ಲಿಗೆ ಸಾರ್?"

"ಅದು ನಮ್ಮ ವಿಭಾಗ ಅಲ್ಲ."

ಯಾರ ವಿಭಾಗ? ಗುಡ್ಡ ಅಲ್ಲೇ ಇದೆ. ಈಗ ಅದರ ಮೇಲೆ ನಿಮ್ಮ ವಸತಿಗೃಹಗಳಿವೆ, ಸುತ್ತ ಬೇಲಿ ಇದೆ, ಬೇಲಿಯೊಳಗೆ ಖಾಲಿ ಜಾಗವೂ ಇದೆ. ಆ ಜಾಗದಲ್ಲಿ ನಮ್ಮ ಬೀದಿಯವರಿಗೆ ಮನೆ ಕೊಡಿ. ಕೊಟ್ಟ ದಿನ ಈ ಹೊಸಿಲನ್ನು ನಾನೇ ಒಡೆಯುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ.

ಇವತ್ತು ಬೆಳಿಗ್ಗೆ ಉಳಿದಿದ್ದ ಒಂದು ಇಟ್ಟಿಗೆಯನ್ನು ಹೊಸಿಲಿನ ಒಳಬದಿಗೆ ಕೂರಿಸಿದೆ, ಅಲುಗಾಡದಂತೆ ಕೆಳಗೆ ಮರಳು ಹಾಕಿ. ಅಜ್ಜಿ ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು ದಾಟಿ, ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಳು.

ಇಂತಿ,
ಇನ್ನೂ ಮಣ್ಣಿನ ಮೇಲೆಯೇ ಇರುವುದರಿಂದ ಗಾಜಿನೊಳಗೆ ಜಾಗ ಸಿಗದ,
ತಗ್ಗಿನ ಬೀದಿಯ ಮೊಮ್ಮಗಳು